ಬಚ್ಚಲೊಲೆಯ ಪಕ್ಕದ ಸೀಸೆ

ಹನ್ನೊಂದು, ಅಕ್ಕ. ಜುಲೈ ಹನ್ನೊಂದು, ಭಾನುವಾರ... ಇಸವಿಯೂ ಬೇಕಾ? ಎಪ್ಪತ್ತಾರು. ಬೆಳಿಗ್ಗೆಯಿಂದ ಮೋಡ ಕವಿದಿದೆ, ಮಳೆ ಇಲ್ಲ, ಬರೀ ಗಾಳಿ. ರಾಜಾಜಿನಗರದ ಧೂಳೆಲ್ಲ ನಮ್ಮ ಮನೆಗೇ ಬರುತ್ತೆ, ಅದಕ್ಕೇ ಕಿಟಕಿ ಹಾಕಿದೀನಿ. ಕೊರಳಿನ ಬಟ್ಟೆ ಮೇಲೆ ಧೂಳು ಕೂತ್ರೆ ಕೆಮ್ಮಿ ಕೆಮ್ಮಿ ಸುಸ್ತಾಗ್ತೀಯ.

ಏನು, ಬೆರಳು ಮಡಿಸಿ ಎಣಿಸ್ತಾ ಇದೀಯ?... ಹೌದು. ಇಪ್ಪತ್ತೆಂಟು. ಗಂಟಲಿನ ಆಪರೇಷನ್ ಆಗಿ ಇವತ್ತಿಗೆ ನಾಲ್ಕು ವಾರ. ನಾಲ್ಕು ವಾರ ಬಾಯಿ ಬಿಡಬಾರದು, ಆಮೇಲೆ ಮಾತು ಬರುತ್ತೆ ಅಂತ ಇತ್ತಲ್ಲ... ನೆನಪಿದೆ. ನನಗೂ ನೆನಪಿದೆ.

ಬೆಳಿಗ್ಗೆಯಿಂದ ನಿನ್ನ ತಯಾರಿ ನೋಡ್ತಾನೇ ಇದೀನಿ. ಗಿರಿಜಾ ನಮ್ಮ ಮಕ್ಕಳನ್ನ ಕರ್ಕೊಂಡು ವಿಜಯನಗರಕ್ಕೆ ಅವಳಣ್ಣನ ಮನೆಗೆ ಹೊರಟಿದ್ಲು, ಅವಳನ್ನ ತಡೆದು ನಿಲ್ಲಿಸಿ ಶುಂಠಿ ಕಷಾಯ ಮಾಡಿಸಿಕೊಂಡೆ. ತಲೆ ಬಾಚಿಸಿಕೊಂಡೆ. ಈ ಹಸಿರು ಸೀರೆ ಪೆಟ್ಟಿಗೆಯ ತಳದಲ್ಲಿತ್ತು, ಅದನ್ನೂ ತೆಗೆಸಿದೆ. ಸೋಮು ನಾಲ್ಕು ಗಂಟೆ ಬಸ್ಸಿಗೆ ಬಂದು ಇಳೀತಾನೆ, ಬಾಗಿಲಲ್ಲಿ ನಿಂತು ‘ಅವ್ವಾ’ ಅಂತಾನೆ, ನೀನು ‘ಬಾರೋ’ ಅನ್ನಬೇಕು. ಅಷ್ಟೇ ತಾನೇ?... ತಲೆ ಆಡಿಸ್ತೀಯ. ಅಷ್ಟೇ.

ಯಾಕೆ ನಗ್ತೀಯ? ನಾನು ಇಷ್ಟು ಮಾತಾಡೋದು ನೋಡಿ ನಗ್ತೀಯ. ಹೌದು, ನಮ್ಮ ಮನೆಯಲ್ಲಿ ಮಾತೆಲ್ಲ ನಿನ್ನ ಪಾಲಿಗೇ ಬಂದಿತ್ತು. ನನಗೆ ಉಳಿದದ್ದು ಕಡಿಮೆ. ಮಿಲ್ಲಿನ ಗೇಟಿನ ಎದುರು ಇಪ್ಪತ್ತು ವರ್ಷ ಖಾನಾವಳಿ ನಡೆಸಿದೋಳು ನೀನು. ‘ಒಳಗೆ ಎರಡು ರೊಟ್ಟಿ’ ಅಂತ ನೀನು ಕೂಗಿದ್ರೆ ಗೇಟಿನ ಕಾವಲುಗಾರ ಬೀಡಿ ಆರಿಸ್ತಿದ್ದ ಅಂತ ಸೋಮು ಹೇಳ್ತಾನೆ. ದಾವಣಗೆರೆಯಲ್ಲಿ ಬಸವ್ವನ ಬಾಯಿಗೆ ಹೆದರದೆ ಇದ್ದೋನು ನಿನ್ನ ಗಂಡ ಒಬ್ಬನೇ, ಅವನಿಗೆ ಕಿವಿ ಮಂದ ಇತ್ತು... ನಗು, ನಗು. ಆದರೆ ಮೆತ್ತಗೆ. ಕೊರಳಿನ ಕೊಳವೆ ಅಲುಗಾಡುತ್ತೆ.

ಬೇಡ ಅಕ್ಕ. ಈಗ ಬೇಡ. ಬಾಯಿ ಮುಚ್ಚು. ನಾಳೆ ಡಾಕ್ಟರ್ ಹತ್ರ ಹೋಗ್ತೀವಲ್ಲ, ಅವರನ್ನ ಕೇಳಿಕೊಂಡೇ...

ಸ್ಲೇಟು ಕೊಡು. ಏನು ಬರ್ದೆ? ‘ಇವತ್ತೇ.’ ಎಷ್ಟು ದಪ್ಪಕ್ಷರ. ಬಳಪ ಮುರೀತು ನೋಡು, ಚಿಕ್ಕೋನು ಬಂದು ಅಳ್ತಾನೆ.

ಸರಿ. ಇವತ್ತೇ. ಆದರೆ ಅದಕ್ಕೆ ಮುಂಚೆ ನಾನು ಒಂದು ವಿಷಯ ಹೇಳಬೇಕು. ಗಿರಿಜಾನ ವಿಜಯನಗರಕ್ಕೆ ಕಳಿಸಿದ್ದೂ ನಾನೇ. ಸೋಮು ಬರೋ ಹೊತ್ತಿಗೆ ಹೇಳಿ ಮುಗಿಸಬೇಕು ಅಂತ.

ಹೋದ ಶ್ರಾವಣದ್ದು. ನಿನ್ನ ದನಿ ಒಡೆದು ಎರಡು ತಿಂಗಳಾಗಿತ್ತು. ಒಲೆಯ ಹೊಗೆ ಕುಡಿದು ಹಾಗಾಗಿದೆ ಅಂತ ನೀನು, ತೋರಿಸಲೇಬೇಕು ಅಂತ ಸೋಮು. ದಾವಣಗೆರೆ ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ಒಂದು ಚೂರು ಚಿವುಟಿ ತೆಗೆದ್ರು. ಅದನ್ನ ಪರೀಕ್ಷೆ ಮಾಡೋ ಲ್ಯಾಬು ಬೆಂಗಳೂರಲ್ಲೇ ಇರೋದು ಅಂದ್ರು. ಸೋಮು ನಾನು ಪಾಠ ಮಾಡೋ ಶಾಲೆಗೆ ಟ್ರಂಕ್ ಕಾಲ್ ಮಾಡಿದ. ಹೆಡ್ ಮಾಸ್ಟರ ಕೋಣೆಯಲ್ಲಿ ನಿಂತು ಕೇಳಿದೆ. ಸೀಸೆಯನ್ನ ರಾತ್ರಿ ಬಸ್ಸಿನ ಕಂಡಕ್ಟರ್ ಉಗ್ರಪ್ಪನ ಕೈಲಿ ಕೊಟ್ಟಿದೀನಿ, ಬೆಳಿಗ್ಗೆ ಇಳಿಸಿಕೊಂಡು ನೇರ ಲ್ಯಾಬಿಗೆ ಮುಟ್ಟಿಸಿ ಮಾವ ಅಂದ. ಅದಕ್ಕೆ ಮುಂಚೆ ನಿನ್ನ ಎಕ್ಸರೇ, ರಕ್ತದ ಚೀಟಿ ಎಲ್ಲ ಅಂಚೆಯಲ್ಲಿ ಬಂದಾಗ ಇಲ್ಲಿನ ಡಾಕ್ಟರಿಗೆ ತೋರಿಸಿ ಉತ್ತರ ಬರೀತಿದ್ದೋನೂ ನಾನೇ ಅಲ್ವಾ. ಮಾವ ಇದಾರೆ ಅಂತ ಅವನಿಗೆ ಧೈರ್ಯ.

ಆ ಬಸ್ಸು ತಡ ಆಯ್ತು ಅಕ್ಕ. ಶನಿವಾರ ಲ್ಯಾಬು ಮಧ್ಯಾಹ್ನಕ್ಕೇ ಮುಚ್ಚುತ್ತೆ. ತುಮಕೂರಿನ ಹತ್ರ ಟೈರು...

ಹಾಗೆ ನೋಡಬೇಡ.

ಮರೆತಿದ್ದೆ. ಉಗ್ರಪ್ಪ ನಿನ್ನ ಖಾನಾವಳಿಯಲ್ಲೇ ಉಣ್ಣೋನು. ಎಷ್ಟು ಗಂಟೆಗೆ ಮುಟ್ಟಿಸಿದೆ ಅಂತ ನಿನಗೆ ಆವತ್ತೇ ಹೇಳಿರ್ತಾನೆ... ಆರೂವರೆ. ಹೌದು, ಆರೂವರೆ. ತಡ ಆಗಲಿಲ್ಲ. ಟೈರೂ ಇಲ್ಲ ಏನೂ ಇಲ್ಲ. ಮೆಜೆಸ್ಟಿಕ್ಕಿನಲ್ಲಿ ಅವನು ಸೀಸೆಯನ್ನ ಟವೆಲಿನಲ್ಲಿ ಸುತ್ತಿ, ಮಗುವನ್ನ ಕೊಡೋ ಹಾಗೆ ಎರಡು ಕೈಯಲ್ಲಿ ಕೊಟ್ಟ. ಲ್ಯಾಬು ತೆಗೆಯೋದು ಒಂಬತ್ತಕ್ಕೆ. ನನಗೆ ಬೆಳಗಿನ ಶಾಲೆ, ಏಳೂವರೆಗೆ. ಶಾಲೆ ಬಿಟ್ಟ ಮೇಲೆ ಹೋಗೋಣ ಅಂದುಕೊಂಡೆ. ಬಿಟ್ಟ ಮೇಲೆ... ಸೋಮವಾರ ನಮ್ಮ ಮನೆಯಲ್ಲಿ ಅಯ್ಯನವರ ಪಾದಪೂಜೆ ಇತ್ತು, ಶ್ರಾವಣ ಸೋಮವಾರ. ಅದರ ಸಾಮಾನು ತರಬೇಕಿತ್ತು. ಬಾಳೆ ಎಲೆ, ವಿಭೂತಿ, ಎಲ್ಲ ಹಿಡಿದು ಮನೆಗೆ ಬಂದಾಗ ಎರಡು ಗಂಟೆ. ಸೀಸೆ ಇನ್ನೂ ಚೀಲದಲ್ಲೇ ಇತ್ತು.

ಇದನ್ನ ಒಳಗೆ ತರಬೇಡಿ ಅಂದ್ಲು ಗಿರಿಜಾ. ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ ಆಗುತ್ತೆ, ಅಯ್ಯನವರು ಬರ್ತಾರೆ, ಏನೇ ಆಗಲಿ ಮಾಂಸ ಅಲ್ವಾ, ಹೊಸ್ತಿಲು ದಾಟಿಸಬೇಡಿ ಅಂದ್ಲು. ಅದಕ್ಕೆ ನಾನು...

ಇಲ್ಲ.

ಅಕ್ಕ, ಅವಳು ಅನ್ನಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಆ ಮಾತು ಅವಳ ಬಾಯಲ್ಲಿ ಇಟ್ಟೋನು ನಾನು, ಈಗಷ್ಟೇ ಇಟ್ಟಿದ್ದಲ್ಲ, ಹತ್ತು ತಿಂಗಳಿಂದ ನನಗೆ ನಾನೇ ಹಾಗಂತ ಹೇಳಿಕೊಳ್ತಾ ಬಂದಿದೀನಿ. ಅವಳನ್ನ ಕೇಳಿದ್ರೆ ಏನಂತಿದ್ಲು ಗೊತ್ತಾ? ದೇವರ ಕೋಣೆಯಲ್ಲೇ ಇಡಿ ಅಂತಿದ್ಲು. ನಿನ್ನದು ಅಂತ ತಿಳಿದ್ರೆ ಖಂಡಿತ ಹಾಗೇ ಅಂತಿದ್ಲು. ನಾನು ಕೇಳಲೇ ಇಲ್ಲ. ಹೊಸ್ತಿಲ ಹತ್ರ ಬಂದೆ, ಕೊರಳಲ್ಲಿ ಲಿಂಗದ ಕರಡಿಗೆ ತೂಗ್ತಾ ಇತ್ತು, ಕೈಯಲ್ಲಿ ಇದು. ಕಾಲು ಮುಂದೆ ಹೋಗಲಿಲ್ಲ. ಮಾಂಸ ಅನ್ನಿಸಿಬಿಡ್ತು. ನಿನ್ನ ಮೈಯಿಂದ ಬಂದಿದ್ದು ಅಂತ ಅನ್ನಿಸಲಿಲ್ಲ, ಮಾಂಸ ಅಂತ ಅನ್ನಿಸ್ತು.

ನಾನು ವಿಜ್ಞಾನದ ಮೇಷ್ಟ್ರು. ಹೇಳು ಅಂದ್ರೆ ಮಡಿ ಮೈಲಿಗೆ ಮೇಲೆ ಒಂದು ಪೀರಿಯಡ್ಡು ಮಾತಾಡ್ತೀನಿ. ಶಾಲೆಯ ಬೀರುವಿನಲ್ಲಿ ಇದೇ ಥರ ಸೀಸೆಯಲ್ಲಿ ಕಪ್ಪೆ ಇದೆ, ಹಾವಿನ ಮರಿ ಇದೆ. ಆ ಬೀರುವಿನ ಕೀಲಿ ಆವತ್ತು ನನ್ನ ಜೇಬಲ್ಲೇ ಇತ್ತು. ಅಲ್ಲಿಗೆ ವಾಪಸ್ ಹೋಗಿ ಇಡೋದಕ್ಕೆ ಎಷ್ಟು ಹೊತ್ತು? ಇಪ್ಪತ್ತು ನಿಮಿಷ. ಬಿಸಿಲಿತ್ತು, ಹಸಿವಾಗಿತ್ತು.

ಹಿತ್ತಲಿನ ಬಚ್ಚಲುಮನೆಯಲ್ಲಿ ಇಟ್ಟೆ. ಹಂಡೆ ಒಲೆಯ ಪಕ್ಕದ ಗೂಡಿನಲ್ಲಿ, ಸೀಗೆಪುಡಿ ಡಬ್ಬದ ಹಿಂದೆ. ಯಾರ ಕಣ್ಣಿಗೂ ಬೀಳೋದಿಲ್ಲ ಅಂತ.

ಭಾನುವಾರ ನೆಂಟರು ಬಂದ್ರು. ಸೋಮವಾರ ಹನ್ನೆರಡು ಜನದ ಸ್ನಾನ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮರದ ಹೊಟ್ಟಿನ ಒಲೆ ಆರಲೇ ಇಲ್ಲ. ಒಂದು ಸಲ ನಾನೇ ಹೋಗಿ ಹೊಟ್ಟು ತುಂಬಿ ಬಂದೆ. ಗೂಡಿನ ಕಡೆ ನೋಡಲಿಲ್ಲ. ಅಯ್ಯನವರು ಊಟ ಮುಗಿಸಿ ಮನೆಯವರೆಲ್ಲರ ಹೆಸರು ಕೇಳಿ ಹರಸಿದ್ರು. ನಿನ್ನ ಹೆಸರನ್ನೂ ಹೇಳಿದೆ.

ಮಂಗಳವಾರ ತೆಗೆದು ನೋಡಿದ್ರೆ ಬಿರಡೆ ಸಡಿಲವಾಗಿತ್ತು. ಶಾಖಕ್ಕೆ ಮೇಣ ಕರಗಿತ್ತು. ಔಷಧಿಯ ನೀರು ಒಂದು ತೊಟ್ಟೂ ಇರಲಿಲ್ಲ. ಆ ಚೂರು ಗಾಜಿಗೆ ಅಂಟಿಕೊಂಡು, ಒಣಗಿದ ಹುಣಸೆ ಸಿಪ್ಪೆ ಹಾಗೆ... ಆದರೂ ಲ್ಯಾಬಿಗೆ ಹೋದೆ. ಅವರು ಬೆಳಕಿಗೆ ಹಿಡಿದು ನೋಡಿ ನಕ್ಕರು. ಇದರಲ್ಲಿ ಏನು ನೋಡಲಿ ಮೇಷ್ಟ್ರೇ, ಪೂರ್ತಿ ಹಾಳಾಗಿದೆ, ಇನ್ನೊಂದು ಚೂರು ತರಿಸಿ, ಬೇಗ ತರಿಸಿ ಅಂದ್ರು.

ಕೇಳ್ತಾ ಇದೀಯಾ? ಸ್ಲೇಟು ಬೇಕಾ? ಬೇಡ್ವಾ... ನೀರು?

ನಾನು ತರಿಸಲಿಲ್ಲ.

ಸೋಮು ಬರೆದಿದ್ದ, ಮೊದಲನೇ ಸಲ ಚಿವುಟುವಾಗ ನೀನು ಅವನ ಕೈ ಹಿಡಿದು ಅತ್ತೆ ಅಂತ, ಎರಡು ದಿನ ಉಗುಳಿನಲ್ಲಿ ರಕ್ತ ಬಂತು ಅಂತ. ಇನ್ನೊಂದು ಸಲ ಅದೇ ಹಿಂಸೆ ಯಾಕೆ ಅಂತ ಸುಮ್ಮನಾದೆ. ಇದು ಸುಳ್ಳಲ್ಲ, ಹಾಗೆ ಅನ್ನಿಸಿದ್ದು ನಿಜ. ಆದರೆ ಅಷ್ಟೇ ಅಲ್ಲ. ಇನ್ನೊಂದು ಚೂರು ಬೇಕು ಅಂದ್ರೆ ಮೊದಲನೇದು ಏನಾಯ್ತು ಅಂತ ಸೋಮು ಕೇಳ್ತಾನೆ. ಏನಂತ ಹೇಳಲಿ? ನಿಮ್ಮವ್ವನ ಗಂಟಲಿನ ಚೂರು ನಮ್ಮನೆ ಒಳಗೆ ಬರಬಾರದು ಅಂತ ಬಚ್ಚಲಲ್ಲಿ ಇಟ್ಟಿದ್ದೆ ಅಂತಲೇ? ನನ್ನನ್ನ ಓದಿಸಿದೋಳ ಗಂಟಲು.

ಇನ್‌ಲ್ಯಾಂಡ್ ಲೆಟರ್ ತಗೊಂಡು ಬರೆದೆ. ಪರೀಕ್ಷೆ ಆಯ್ತು, ಭಯಪಡುವಂಥದ್ದಲ್ಲ, ಗಂಟಲು ಬಾತಿದೆ ಅಷ್ಟೆ, ಅಕ್ಕ ಮಾತು ಕಡಿಮೆ ಮಾಡಲಿ, ರಿಪೋರ್ಟು ಆಮೇಲೆ ಕಳಿಸ್ತೀನಿ. ಮೂರು ಸಲ ಬರೆದು ಮೂರು ಸಲ ಹರಿದೆ ಅಂತ ಹೇಳೋಕೆ ಆಸೆ. ಇಲ್ಲ, ಒಂದೇ ಸಲಕ್ಕೆ ಬರೆದೆ, ಅಕ್ಷರ ಕೂಡ ಚೆನ್ನಾಗಿ ಬಂತು.

ಆ ಕಾಗದ ಕೇಳಿ ನೀನು ಮಿಲ್ಲಿನವರಿಗೆಲ್ಲ ಹೋಳಿಗೆ ಹಾಕಿದೆಯಂತೆ. ಸೋಮು ಬರೆದ. ಡಾಕ್ಟರು ರಿಪೋರ್ಟು ಕೇಳಿದಾಗ ಅವನು, ನಮ್ಮ ಮಾವ ಮೇಷ್ಟ್ರು, ಅವರೇ ನೋಡಿ ಬರೆದಿದಾರೆ ಅಂದನಂತೆ. ಆಮೇಲೆ ಯಾರೂ ಕೇಳಲಿಲ್ಲ. ನಾನೂ ಕಳಿಸಲಿಲ್ಲ. ದಸರಾ ಆಯ್ತು, ಸಂಕ್ರಾಂತಿ ಆಯ್ತು. ಪ್ರತಿ ಕಾಗದದಲ್ಲೂ ಅವ್ವನ ದನಿ ಇನ್ನಷ್ಟು ಕೂತಿದೆ ಅಂತ ಅವನು, ಬಿಸಿನೀರು ಕುಡಿಯಲಿ ಅಂತ ನಾನು. ಒಂಬತ್ತು ತಿಂಗಳು ನಿನಗೆ ಬಿಸಿನೀರು ಕುಡಿಸಿದೆ ಅಕ್ಕ. ಮೇ ತಿಂಗಳಲ್ಲಿ ಉಸಿರು ಸಿಕ್ಕಿಹಾಕ್ಕೊಂಡು ನೀಲಿ ತಿರುಗಿದಾಗ ಅವನು ಕಾರು ಮಾಡ್ಕೊಂಡು ಕರ್ಕೊಂಡು ಬಂದ. ಅಲ್ಲಿವರೆಗೆ.

ನಿಧಾನ... ಉಸಿರು ನಿಧಾನ. ಬಟ್ಟೆ ಸರಿ ಮಾಡ್ತೀನಿ ಇರು. ಕೈ ತಳ್ಳಬೇಡ. ತಳ್ಳು, ಪರವಾಗಿಲ್ಲ. ಬಟ್ಟೆ ಮಾತ್ರ ಕಟ್ಟೋಕೆ ಬಿಡು.

ಇಲ್ಲಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು ಕೇಳಿದ್ರು, ಹೋದ ವರ್ಷ ಯಾಕೆ ತರಲಿಲ್ಲ ಅಂತ. ಆಗ ಇದು ಹೆಸರುಕಾಳಿನಷ್ಟು ಇದ್ದಿರುತ್ತೆ, ಕರೆಂಟು, ಅಂದ್ರೆ ರೇಡಿಯೇಷನ್ನು, ಕೊಟ್ಟಿದ್ರೆ ಸುಟ್ಟುಹೋಗ್ತಿತ್ತು, ಹೆಂಗಸು ಮಾರನೇ ತಿಂಗಳು ಮನೆಯಲ್ಲಿ ಮಾತಾಡ್ಕೊಂಡು ಇರ್ತಿದ್ರು ಅಂದ್ರು.

ಒಂದು ಕಾಗದ ಕೊಟ್ಟು, ಮನೆಯವರ ಜೊತೆ ಮಾತಾಡಿ ಸಹಿ ಹಾಕಿ ಅಂದ್ರು. ಪೇಷಂಟಿಗೆ ನೀವೇ ತಿಳಿಸಿ, ಅವರಿಗೂ ಗೊತ್ತಿರಬೇಕು ಅಂದ್ರು. ಸೋಮು ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ನೀನು ವಾರ್ಡಿನಲ್ಲಿ ಎಚ್ಚರವಾಗೇ ಇದ್ದೆ, ಆಗ ಇನ್ನೂ ಪಿಸುಮಾತು ಬರ್ತಿತ್ತು ನಿನಗೆ. ಗಡ್ಡೆ ತೆಗೀತಾರೆ ಅಕ್ಕ ಅಂದೆ. ನೀನು, ತೆಗೀಲಿ ಬಿಡೋ, ನೀನಿದೀಯಲ್ಲ ಅಂದೆ. ನಾನು ಸಹಿ ಹಾಕಿದೆ.

‘ನೀನಿದೀಯಲ್ಲ’. ನೀನು ಆಡಿದ ಕೊನೇ ಮಾತು ಅದು. ನನಗೆ ಗೊತ್ತಿತ್ತು, ಕೊನೇದು ಅಂತ. ನಿನಗೆ ಗೊತ್ತಿರಲಿಲ್ಲ. ಇನ್ನೂ ಏನಾದ್ರೂ ಹೇಳಬೇಕಾ ಅಕ್ಕ ಅಂತ ಕೂಡ ನಾನು ಕೇಳಲಿಲ್ಲ. ಸೋಮುನ ಎಬ್ಬಿಸಿ ಒಳಗೆ ಕಳಿಸಲಿಲ್ಲ.

ಆ ನಾಲ್ಕು ವಾರ ಅಂತ ಹೇಳಿದ್ದು ಡಾಕ್ಟರಲ್ಲ. ನಾನು. ಎಚ್ಚರ ಆಗಿ ನೀನು ಗಂಟಲು ಮುಟ್ಟಿಕೊಂಡು ನನ್ನ ಮುಖ ನೋಡಿದೆ, ಏನಾದ್ರೂ ಹೇಳಬೇಕಿತ್ತು. ಸೋಮುಗೂ ಹಾಗೇ ಹೇಳಿದೀನಿ. ಅವನೂ ದಿನ ಎಣಿಸ್ತಾ ಬಸ್ಸಲ್ಲಿ ಕೂತಿದಾನೆ.

ಬಾಯಿ ತೆಗೀಬೇಡ ಅಕ್ಕ... ತೆಗೆದೆ. ತುಟಿ ಆಡ್ತಾ ಇದೆ. ಇನ್ನೊಂದು ಸಲ?... ಯಾವಾಗ ಅಂತೀಯಾ.

ನೋಡು, ಬಾಯಿಂದ ಉಸಿರು ಕೂಡ ಬರ್ತಿಲ್ಲ. ಉಸಿರೆಲ್ಲ ಕೊರಳಿನ ತೂತಿನಿಂದಲೇ ಹೋಗಿ ಬರುತ್ತೆ, ಇನ್ನು ಯಾವತ್ತೂ ಹೀಗೇ. ಗಡ್ಡೆ ಒಂದೇ ತೆಗೆದಿದ್ದಲ್ಲ. ಧ್ವನಿಪೆಟ್ಟಿಗೆ ಅಂತ ಇರುತ್ತೆ ಗಂಟಲಲ್ಲಿ, ಅದು ಪೂರ್ತಿ ಹೋಯ್ತು. ನಿನ್ನ ದನಿ ಹುಷಾರಾಗ್ತಾ ಇಲ್ಲ ಅಕ್ಕ. ಅದು ಇಲ್ಲ.