ಹದಿನಾಲ್ಕು ವರ್ಷದ ‘ಹೂಂ’

ಒಂದೂರಲ್ಲಿ ಒಬ್ಬ ಹಾಡುಗಾರ ಇದ್ದ. ಪ್ರಸಂಗದಲ್ಲಿ ಎಂದಿನಂತೆ ಬೈಬಲಿನ ಶ್ರೀಮಂತನ ಕತೆ ಬರುತ್ತದೆಂದು ಕಾಯುತ್ತಿದ್ದಿರಾ? ಶ್ರೀಮಂತನಿಗೆ ಇವತ್ತು ರಜೆ, ಪ್ರಿಯರೇ. ಇವನ ಹತ್ತಿರ ಇದ್ದದ್ದು ಒಂದು ಗಿಟಾರು, ಒಂದು ಮೆತ್ತನೆಯ ದನಿ, ಅಷ್ಟೇ. ಹೆಸರೇನು ಅಂತೀರಾ? ನಿಜವಾದ ಹೆಸರು ಹೇಳಿದರೆ ಆರಾಧನೆ ಮುಗಿಯುವ ಮೊದಲೇ ಅವನ ಮನೆ ಯಾವ ಓಣಿಯಲ್ಲಿದೆ ಎಂದು ಪಿಸುಗುಟ್ಟಲು ಶುರು ಮಾಡುತ್ತೀರಿ. ಎಲೀಷ ಅನ್ನೋಣ.

ಈ ಎಲೀಷ ಒಂದು ಬ್ಯಾಂಡಿನಲ್ಲಿದ್ದ. ಮದುವೆ ಮೆರವಣಿಗೆಯ ಬ್ಯಾಂಡಲ್ಲ ನೋಡಿ. ಡ್ರಮ್ಮು, ಗಿಟಾರು, ಕೀಬೋರ್ಡು ಕಟ್ಟಿಕೊಂಡು ಕಾಲೇಜುಗಳಲ್ಲಿ ಹಾಡುತ್ತಾರಲ್ಲ, ಅಂಥದ್ದು. ಬ್ಯಾಂಡಿನ ಯಜಮಾನ ವೇದಿಕೆಯ ಎಡಗಡೆ ದೊಡ್ಡ ಗಿಟಾರು ಹಿಡಿದು ನಿಲ್ಲುತ್ತಿದ್ದ. ಅಲ್ಲೊಂದು ಪದ್ಧತಿ ಇತ್ತು. ಹಾಡು ಶುರುವಾಗುವ ಮುಂಚೆ ಎಲೀಷ ಎಡಕ್ಕೆ ತಿರುಗಿ ನೋಡಬೇಕು, ಯಜಮಾನ ಗದ್ದ ಆಡಿಸಿ ‘ಹೂಂ’ ಅನ್ನಬೇಕು. ಆಮೇಲೆಯೇ ಹಾಡು. ಹದಿನಾಲ್ಕು ವರ್ಷ! ಆ ಹೂಂ ಇಲ್ಲದೆ ಎಲೀಷ ಒಂದು ಸಲವೂ ಬಾಯಿ ತೆರೆದವನಲ್ಲ.

ಹೀಗಿರುವಾಗ ಅವನೇ ಒಂದು ಹಾಡು ಕಟ್ಟಿದ. ತೀರಿಹೋದ ತಾಯಿಯ ಹೊಲಿಗೆ ಯಂತ್ರದ ಮೇಲಿನ ಹಾಡು. ಯಜಮಾನನ ಹತ್ತಿರ ಹೋಗಿ, “ಮುಂದಿನ ಕಾರ್ಯಕ್ರಮದಾಗ ಇದನ್ನ ಹಾಡ್ಲೇನ್ರಿ ಅಣ್ಣಾ?” ಎಂದು ಕೇಳಿದ.

“ನೋಡೂಣು.”

ಮೂರು ವರ್ಷ ಅದೇ ‘ನೋಡೂಣು’. ಕೊನೆಗೊಂದು ದಿನ ಒತ್ತಾಯ ಮಾಡಿ ಕೇಳಿದಾಗ ಯಜಮಾನ ನಕ್ಕುಬಿಟ್ಟ. “ನಿನ್ನ ದನೀನ ನಮ್ಮ ಡ್ರಮ್ಮು, ನನ್ನ ಗಿಟಾರು ಹೊತ್ಕೊಂಡು ನಡದಾವು. ಒಬ್ಬನ ನಿಂತ್ರ ಮೂರನೇ ಸಾಲಿಗೂ ಮುಟ್ಟಂಗಿಲ್ಲ, ತಮ್ಮಾ.”

ಆ ಮಾತು ಎಲೀಷನ ಎದೆಗೆ ನಾಟಿತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳ ಹೆಸರು ಸುವಾರ್ತಾ ಅನ್ನೋಣ. ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೈಯಲ್ಲಿದ್ದ ಅಂಗಿಯನ್ನು ಕಲ್ಲಿಗೆ ಒಮ್ಮೆ ಜೋರಾಗಿ ಬಡಿದಳು. ಆ ಏಟು ಯಾರಿಗಿತ್ತೋ ನಾನು ಹೇಳುವುದಿಲ್ಲ. “ಹಂಗಾರ ನೀವು ಒಳಗ ಹಾಡಿದ್ದು ಇಲ್ಲಿ ಅರಿವಿ ಒಗಿಯಾಕಿಗೆ ಹೆಂಗ ಕೇಳ್ತೈತಿ? ಆ ಡ್ರಮ್ಮಿನ ಗದ್ದಲ ಸರಿಸಿ ಒಮ್ಮೆ ಹಾಡಿ ನೋಡ್ರಿ” ಅಂದಳು.

ಎಲೀಷ ಬ್ಯಾಂಡು ಬಿಟ್ಟ. ಊರಿನ ಸಭಾಭವನದಲ್ಲಿ ಒಂದು ಸಂಜೆಗೆ ಒಬ್ಬನೇ ಹಾಡುವುದೆಂದು ಗೊತ್ತುಮಾಡಿದ. ಹೊರಡುವ ಮುಂಚೆ ಹೆಂಡತಿಗೆ ಹೇಳಿದ: “ಇವತ್ತು ಮುಟ್ಟಲಿಲ್ಲ ಅಂದ್ರ ಗಿಟಾರು ಅಟ್ಟಕ್ಕ ಹೋಗ್ತೈತಿ. ಮತ್ತ ಇಳಿಯಂಗಿಲ್ಲ.”

ಏಪ್ರಿಲ್ ತಿಂಗಳು. ನಮ್ಮ ಕಡೆಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕೇ? ಮೇಲೆ ಎಂಟು ಹಳೇ ಫ್ಯಾನುಗಳು ಗಿರ್ರನೆ ತಿರುಗುತ್ತಿದ್ದವು. ಎಲೀಷ ಮೈಕಿನ ಮುಂದೆ ನಿಂತು ಆ ತಾಯಿಯ ಹಾಡಿನ ಮೊದಲ ಸುತ್ತು ನುಡಿಸಿದ. ಎಡಕ್ಕೆ ತಿರುಗಿದ. ಅಲ್ಲಿ ಯಾರಿದ್ದಾರೆ? ಒಂದು ಪರದೆ. ಪರದೆ ಹೂಂ ಅನ್ನುತ್ತದೆಯೇ? ಮತ್ತೆ ಒಂದು ಸುತ್ತು ನುಡಿಸಿದ, ಮತ್ತೆ ಎಡಕ್ಕೆ ನೋಡಿದ. ಮೂರನೇ ಸುತ್ತೂ ಆಯಿತು. ಜನ ಕೆಮ್ಮತೊಡಗಿದರು. ಹಾಡು ಗಂಟಲಲ್ಲೇ ಇತ್ತು, ಹೊರಗೆ ಬರಲೊಲ್ಲದು. ಹದಿನಾಲ್ಕು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಆ ತಳಮಳದಲ್ಲಿ ಅವನಿಗೇ ಗೊತ್ತಾಗದಂತೆ ಮೈಕಿನಲ್ಲಿ ಬಾಯಿ ಜಾರಿತು.

“ಹೂಂ?”

ಮುಂದಿನ ಸಾಲಿನ ಅಜ್ಜಿಯೊಬ್ಬಳು ತನ್ನನ್ನೇ ಕೇಳಿದನೆಂದು ತಿಳಿದು, “ಹೂಂ, ಹಾಡೋ ನನ್ನಪ್ಪಾ!” ಅಂದಳು. ಪಕ್ಕದವರು ನಕ್ಕು ಹೂಂ ಅಂದರು. ನೋಡುನೋಡುತ್ತ ಇಡೀ ಭವನವೇ ‘ಹೂಂ’ ಅಂದಿತು.

ಎಲೀಷ ಹಾಡಿದ. ಕಿರುಚಲಿಲ್ಲ, ತನ್ನ ಮೆಲುದನಿಯಲ್ಲೇ ಹಾಡಿದ. ಮೊದಲ ಸಾಲು ಮುಗಿಯುವಾಗ ತಲೆಯ ಮೇಲಿನ ಫ್ಯಾನು ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು. ಎಂಟೂ ನಿಂತವು. ಆ ಸೆಕೆಯಲ್ಲಿ ಜನ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಕೂತರು. ದನಿ ಕೊನೆಯ ಗೋಡೆಗೆ ಮುಟ್ಟಿತು. ಹಾಡು ಮುಗಿದಾಗ ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ, ಅಜ್ಜಿ ಕೈ ನೋಯಿತೆಂದು ಸೀರೆಯ ಸೆರಗು ಬೀಸಿದಳಂತೆ. ಎಲೀಷ ಅಳುತ್ತಿದ್ದ. ಗೆದ್ದವನ ಅಳು ಅದು.

ಫ್ಯಾನು ಆರಿಸಿದವರು ಯಾರು? ಹಿಂದಿನ ಬಾಗಿಲ ಪಕ್ಕದಲ್ಲಿ ಸ್ವಿಚ್ಚುಗಳ ಮೇಲೆ ಕೈಯಿಟ್ಟು ನಿಂತಿದ್ದವನು ಬ್ಯಾಂಡಿನ ಯಜಮಾನ! ಎಲೀಷ ಸೋಲುವುದನ್ನು ನೋಡಲೆಂದೇ ಬಂದಿದ್ದ, ಆದರೆ ಹಾಡು ಶುರುವಾದ ಮೇಲೆ ಸರಿಯಾಗಿ ಕೇಳಬೇಕೆಂಬ ಆಸೆ ತಡೆಯಲಾಗಲಿಲ್ಲ. ಎಲೀಷ ವೇದಿಕೆಯಿಂದಲೇ ಕೇಳಿದ: “ಕೇಳಿಸ್ತೇನ್ರಿ ಅಣ್ಣಾ?”

ಯಜಮಾನ ಗದ್ದ ಆಡಿಸಿದ. “ಹೂಂ.”

ಈಗ ನಿಮ್ಮ ಕಡೆ ಬರುತ್ತೇನೆ, ತಪ್ಪಿಸಿಕೊಳ್ಳಬೇಡಿ. ನೀವು ಯಾರ ಹೂಂಗೆ ಕಾಯುತ್ತ ಎಡಕ್ಕೆ ನೋಡುತ್ತ ನಿಂತಿದ್ದೀರಿ? ದೇವರು ನಿಮ್ಮ ಗಂಟಲಲ್ಲಿ ಹಾಡು ಇಟ್ಟಾಗಲೇ ಹೂಂ ಅಂದಾಯಿತಲ್ಲ! ಪ್ರತಿ ಪ್ರಾರ್ಥನೆಗೂ ಆಮೆನ್ ಅನ್ನುತ್ತೀರಿ. ಆಮೆನ್ ಅಂದರೆ ಇನ್ನೇನು? ಅದೂ ಹೂಂ ತಾನೇ?

ಇನ್ನೊಂದು ಮಾತು, ಇದು ಮನೆಯ ಯಜಮಾನರಿಗೆ, ಅತ್ತೆಯಂದಿರಿಗೆ, ನನಗೂ ಸೇರಿಸಿ. ‘ನೋಡೂಣು’ ಅಂತ ನಾವು ಎಷ್ಟು ಜನರ ಬಾಯಿ ಕಟ್ಟಿದ್ದೇವೆ? ಸೊಸೆ ಹೊಲಿಗೆ ಕಲಿಸುತ್ತೇನೆ ಅಂದಿದ್ದಾಳೆ, ನೋಡೂಣು. ಮಗಳು ಓದನ್ನು ಮುಂದುವರಿಸುತ್ತೇನೆ ಅಂದಿದ್ದಾಳೆ, ನೋಡೂಣು. ಇವತ್ತು ಊಟಕ್ಕೆ ಕೂತಾಗ ಟಿವಿ ಆರಿಸಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡುವವರು ಯಾರೋ, ಅವರ ಮಾತು ಕೇಳಿ. ಪೂರ್ತಿ ಕೇಳಿದ ಮೇಲೆ ಹೂಂ ಅನ್ನಿ.

ಮಾಡುತ್ತೀರಾ?

ಏನು? ಮೂರನೇ ಸಾಲಿನ ಹೂಂ ನನಗೆ ಮುಟ್ಟಲೇ ಇಲ್ಲ. ಯಾರಾದರೂ ಆ ಫ್ಯಾನು ಆರಿಸಿ, ಇನ್ನೊಮ್ಮೆ ಕೇಳುತ್ತೇನೆ.