ಕರಗದ ಹಾಳೆ

ಹಲೋ... ಯಾರು ಮಾತಾಡ್ತಿರೋದು? ಕುರೊಯಿವಾ-ಸಾನ್ ತಾನೆ? ನಾನು, ಮೇಲಿನ ಮೆಕ್ಕೆಜೋಳದ ಹೊಲದ ಮಿತ್ಸುಯೊ. ಫೋನ್ ಇಡಬೇಡಿ. ಒಂದು ವರ್ಷದಿಂದ ನಮ್ಮಿಬ್ಬರ ಮಧ್ಯೆ ಮಾತಿಲ್ಲ, ಗೊತ್ತು. ಆದ್ರೂ ಇಡಬೇಡಿ.

...

ಜಗಳಕ್ಕಲ್ಲ. ನನ್ನ ಕಾಲು ಸಿಕ್ಕಾಕೊಂಡಿದೆ. ಟ್ರ್ಯಾಕ್ಟರ್ ಹಿಂದೆ ಮಣ್ಣು ಉಳೋ ರೋಟವೇಟರ್ ಇದೆಯಲ್ಲ, ಅದರ ಕೆಳಗೆ. ಹಾಂ, ಎಡಗಾಲು. ಪಾದ.

...

ಇಂಜಿನ್ ಆಫ್ ಮಾಡೇ ಇಳಿದಿದ್ದು. ಅದರ ಹಲ್ಲುಗಳಿಗೆಲ್ಲ ಹಾಳೆ ಸುತ್ತಿಕೊಂಡಿತ್ತು. ರೋಟವೇಟರ್ ಎತ್ತಿಟ್ಟು, ಕೆಳಗೆ ಕೂತು ಕುಡುಗೋಲಲ್ಲಿ ಕತ್ತರಿಸ್ತಾ ಇದ್ದೆ. ಮೆಲ್ಲಗೆ ಇಳಿದುಬಿಡ್ತು... ಇಲ್ಲ, ಆಸರೆಗೆ ದಿಮ್ಮಿ ಇಟ್ಟಿರಲಿಲ್ಲ. ಇಡಬೇಕಿತ್ತು. ಬೈಯೋದಿದ್ರೆ ಆಮೇಲೆ ಬೈಯಿರಿ.

...

ಯಾವ ಹಾಳೆ ಅಂದ್ರೆ... ಅದೇ, ಕಳೆ ಬರದ ಹಾಗೆ ಸಾಲಿಗೆ ಹಾಸೋ ಪ್ಲಾಸ್ಟಿಕ್ ಥರದ್ದು. ಮಣ್ಣಲ್ಲಿ ತಾನಾಗೇ ಕರಗೋದು. ಜೋಳ ಕೊಯ್ದು ಉತ್ತುಬಿಟ್ರೆ ಸಾಕು, ಹಿಮ ಬೀಳೋದ್ರೊಳಗೆ ಮಾಯ ಅಂತ ಅಂಗಡಿಯವರು ಅಂದಿದ್ರಲ್ಲ. ಮಾಯ ಆಗಿಲ್ಲ. ಈ ಸಲ ಬೇಸಿಗೆಯೆಲ್ಲ ಚಳಿ, ಮಣ್ಣು ಬೆಚ್ಚಗೇ ಆಗಲಿಲ್ಲ. ಹೋದ ವರ್ಷದ್ದೂ ಹಾಗೇ ಇದೆ, ಚರ್ಮದ ಥರ. ಕೆಳಗೆ ಬಯಲಲ್ಲಿ ನಮ್ಮಕ್ಕ ಬದನೆಗೆ ಅದೇ ಹಾಳೆ ಹಾಸಿದ್ಲು. ಅಲ್ಲಿನ ಸೆಕೆಗೆ, ಮಳೆಗೆ, ಹೂ ಬಿಡೋ ಮೊದಲೇ ಚಿಂದಿ. ಕಳೆ ಎದೆಯುದ್ದ ಬಂತು. ಅವಳದ್ದು ನಿಲ್ಲಲಿಲ್ಲ, ನನ್ನದು ಹೋಗ್ತಾನೇ ಇಲ್ಲ.

...

ಮನೆಯವರು ಎಲೆಕೋಸಿನ ಲಾರಿ ತಗೊಂಡು ತಕಾಸಾಕಿ ಮಾರ್ಕೆಟ್ಟಿಗೆ ಹೋಗಿದ್ದಾರೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಘಟ್ಟದಲ್ಲಿ ಮಂಜು, ನಲವತ್ತು ನಿಮಿಷ ಅಂತೆ... ನೋವಾ? ಮೊದಲಿತ್ತು. ಈಗ ಪಾದ ಇದೆಯೋ ಇಲ್ವೋ ತಿಳೀತಿಲ್ಲ. ಅದಕ್ಕೇ ಹೆದರಿಕೆ. ಬೂಟೊಳಗೆ ಏನೋ ಬೆಚ್ಚಗೆ ತುಂಬ್ತಿದೆ.

...

ಹೊರಟ್ರಾ? ... ಕೀಲಿಕೈ ಟ್ರ್ಯಾಕ್ಟರಲ್ಲೇ ಇದೆ. ಇಂಜಿನ್ ಶುರು ಮಾಡಿ ಸೀಟಿನ ಬಲಗಡೆ ಲಿವರ್ ಎಳೆದ್ರೆ ರೋಟವೇಟರ್ ಮೇಲೇಳುತ್ತೆ. ಹಲ್ಲು ತಿರುಗಿಸೋ ಗೇರ್ ಮಾತ್ರ ಮುಟ್ಟಬೇಡಿ. ನಿಮಗೆ ಗೊತ್ತಿರುತ್ತೆ, ಅಲ್ವಾ... ಗೊತ್ತಲ್ವಾ?

...

ಕುರೊಯಿವಾ-ಸಾನ್, ಕೇಳಿಸ್ತಿದೆಯಾ? ಹೋದ ವರ್ಷ ನಿಮ್ಮ ಕಾಲುವೇಲಿ ಹಾಳೆ ಸಿಕ್ಕಿ, ನೀರು ಕಟ್ಟಿಕೊಂಡು ಶೆಡ್ಡಿಗೆ ನುಗ್ಗಿತಲ್ಲ. ಅದು ನನ್ನ ಹಾಳೇನೇ. ಗಾಳಿಗೆ ಎದ್ದು ಹಾರೋದನ್ನ ಕಣ್ಣಾರೆ ನೋಡಿದ್ದೆ. ಆದ್ರೂ ಊರವರ ಮುಂದೆ, ಕರಗಿಹೋಗೋ ಹಾಳೆ ಹಾರೋದು ಹೇಗೆ ಅಂತ ಕೇಳಿ ನಿಮ್ಮನ್ನೇ ಸುಳ್ಳುಗಾರ ಮಾಡಿದೆ... ಇಲ್ಲ, ಕಾಲು ಸಿಕ್ಕಿದೆ ಅಂತ ಹೇಳ್ತಿರೋದಲ್ಲ.

...

ಅಲ್ಲ, ಅದಕ್ಕೇ ಹೇಳ್ತಿರೋದು. ಕಾಲು ಸಿಕ್ಕಾಕೊಳ್ಳದಿದ್ರೆ ಹೇಳ್ತಿರಲಿಲ್ಲ.

...

ಏನಾದ್ರೂ ಅನ್ನಿ. ಬೈಯೋದಿದ್ರೆ ಈಗಲೇ ಬೈಯಿರಿ.

...

ಗೊತ್ತಿತ್ತಾ? ನಾನು ನೋಡಿದ್ದೆ ಅಂತ ಅವತ್ತೇ ಗೊತ್ತಿತ್ತಾ? ಮತ್ತೆ ಊರವರ ಮುಂದೆ ಯಾಕೆ ಬಾಯಿ ಬಿಡಲಿಲ್ಲ? ... ನಮ್ಮ ಮಾವ ಅಲ್ಲೇ ಇದ್ರು ಅಂತಾನಾ. ಹಾಂ. ಸೊಸೆ ಸುಳ್ಳು ಹೇಳಿದ್ಲು ಅನ್ನೋ ಮಾತು ಅವರು ತಡ್ಕೋತಿರಲಿಲ್ಲ, ನಿಜ.

...

ಗಾಡಿ ದೀಪ ಕಾಣ್ತಿದೆ. ನಿಮ್ಮದೇನಾ? ... ರಸ್ತೆ ಆಚೆ ಕಡೆ ಅಲ್ವಾ, ನೀವೆಲ್ಲಿ... ಕುರೊಯಿವಾ-ಸಾನ್, ಅದು ಎಲೆಕೋಸು, ಅದರ ಮೇಲೇ ಗಾಡಿ ಓಡಿಸ್ತಿದೀರಲ್ಲ. ಇನ್ನೂ ಕೊಯ್ದಿಲ್ಲ ಅದು. ನಾನು ತಡ್ಕೋತೀನಿ, ಸುತ್ತಿ ಬನ್ನಿ.

...

ಸರಿ. ಸರಿ, ಹಾಗಾದ್ರೆ ಎಡಕ್ಕೆ ತಗೊಳ್ಳಿ, ಬಲಗಡೆ ಹಳ್ಳ ಇದೆ. ಇನ್ನೂ ಎಡಕ್ಕೆ... ಹಾಂ, ಈಗ ನೇರ ಬನ್ನಿ. ಕೈ ಎತ್ತಿದೀನಿ, ಕಾಣ್ತಾ? ನಾನಿಲ್ಲೇ, ಟ್ರ್ಯಾಕ್ಟರ್ ಹಿಂದೆ... ಹಾಂ, ಬಂದುಬಿಟ್ರಿ, ಈಗ ಫೋನ್ ಇಡಿ.