ಗಾಳಿಯ ಕಿವಿ ಹಿಡಿದ ಹೆಂಗಸು

ಗಡಿಯಾರದ ಮೇಲೆ ಆಗಲೇ ಕಣ್ಣಿಟ್ಟಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಸ್ಮಾರಕ ಸಮಿತಿಯ ಹಿರಿಯರೇ, ಹಿಂದಿನ ಸಾಲುಗಳಿಗೆ ಸರಿಸಲ್ಪಟ್ಟಿರುವ ಯೋಧರ ಮನೆಯವರೇ, ಸಭಿಕರೇ,

ಈ ಸಭಾಂಗಣದ ಎಡಗೋಡೆಯ ಮೇಲಿನ ಯೋಧರ ಭಾವಚಿತ್ರಗಳೆಲ್ಲ ನನ್ನ ಕುಂಚದವು. ಅವು ಹೇಗೆ ಸಿದ್ಧವಾದವೆಂದು ಬಲ್ಲಿರಾ? ಮಡಿದವನ ಮನೆಯವರು ನನ್ನ ಅಂಗಡಿಗೆ ತರುತ್ತಿದ್ದುದು ಮದುವೆಯ ಪಟ, ಮಗುವಿನ ಹುಟ್ಟುಹಬ್ಬದ ಪಟ. ಸಮಿತಿಗೆ ಬೇಕಿದ್ದವನು ಒಬ್ಬನೇ, ಅದೂ ಸಮವಸ್ತ್ರದಲ್ಲಿ. ಆದ್ದರಿಂದ ಅವನ ಹೆಗಲ ಮೇಲಿದ್ದ ಹೆಂಡತಿಯ ಕೈಯನ್ನು ಬಿಟ್ಟೆ, ತೊಡೆಯ ಮೇಲಿದ್ದ ಮಗುವನ್ನು ಬಿಟ್ಟೆ, ಮುಖವನ್ನಷ್ಟೇ ಎತ್ತಿಕೊಂಡು ಗುಂಡಿಗಳನ್ನು ಹೊಳೆಯಿಸಿದೆ. ಎದೆಯ ಅಳತೆ ಎಲ್ಲರಿಗೂ ಒಂದೇ! ಒಬ್ಬಾಕೆ ದಿಟ್ಟಿಸಿ ನೋಡಿ, "ಮುಖ ನಮ್ಮವರದೇ ಕಣಕ್ಕಾ, ಈ ಎದೆ ಯಾರದು? ಇಷ್ಟು ದಪ್ಪ ಇದ್ದಿದ್ರೆ ನಮ್ಮತ್ತೆ ನನ್ನ ಅಡುಗೇನ ಹೊಗಳ್ತಿದ್ರು" ಎಂದಳು. ಇಬ್ಬರೂ ನಕ್ಕೆವು. ಅತ್ತದ್ದು ಆಮೇಲೆ.

ಈಗ ಎದುರುಗೋಡೆಗೆ ಯುದ್ಧ ಮತ್ತು ಕುಟುಂಬವನ್ನು ಕುರಿತ ದೊಡ್ಡ ಚಿತ್ರವೊಂದನ್ನು ಸಮಿತಿ ಕೇಳಿತು. ಅಂದು ಬಿಟ್ಟವರನ್ನೆಲ್ಲ ಬರೆದೆ. ನನ್ನ ಹಿಂದಿರುವ ಚಿತ್ರವನ್ನು ನೋಡಿ: ಪಟದಲ್ಲಿದ್ದಂತೆಯೇ ನಿಂತಿದ್ದಾರೆ, ನಡುವಿನವನು ಮಾತ್ರ ಇಲ್ಲ. ಮದುಮಗಳು ಬರಿದಾದ ಜಾಗಕ್ಕೆ ಒರಗಿದ್ದಾಳೆ. ಮಗು ತೊಡೆಯೇ ಇಲ್ಲದೆ ಕುಳಿತಿದೆ.

ನಿನ್ನೆ ಕಾರ್ಯದರ್ಶಿಗಳು ಅಂಗಡಿಗೆ ಬಂದಿದ್ದರು.

"ಅಕ್ಕಾ, ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತೆ."

"ಚುಚ್ಚಲಿ ಅಂತಲೇ ಬಿಟ್ಟಿದ್ದೀನಿ, ತಮ್ಮಾ."

"ಅಲ್ಲೆಲ್ಲ ಒಬ್ಬೊಬ್ಬ ಯೋಧನ್ನ ನಗುನಗ್ತಾ ನಿಲ್ಲಿಸಿಬಿಡಿ. ಇಲ್ದಿದ್ರೆ ಗೋಡೆಗೆ ಏರಿಸೋಕಾಗಲ್ಲ. ನಾಳೆ ಸಭೇಲಿ ನೀವೇ ಒಪ್ಪಿಗೆ ಹೇಳ್ಬಿಡಿ."

ತುಂಬಿಸಿದರೆ ನಷ್ಟವೇನೆಂದು ನೀವೂ ಕೇಳಬಹುದು. ಚಿತ್ರದ ಬಲತುದಿಯ ಹೆಂಗಸನ್ನು ನೋಡಿ. ಎತ್ತಿದ ಕೈ, ಎರಡು ಬೆರಳುಗಳ ನಡುವೆ ಬರೀ ಗಾಳಿ. ಅವಳ ಮಗ ಪಟಕ್ಕೆ ನೆಟ್ಟಗೆ ನಿಲ್ಲುವವನಲ್ಲ. ಮೀಸೆ ಬಂದ ಮೇಲೂ ಕಿವಿ ಹಿಡಿದೇ ನಿಲ್ಲಿಸಬೇಕಿತ್ತು. "ಬಿಡಮ್ಮಾ, ಎಲ್ರೂ ನೋಡ್ತಿದ್ದಾರೆ" ಎಂದ. ಬಿಡಲಿಲ್ಲ ನಾನು.

ಇದನ್ನು ಹೇಳಬೇಕೆಂದಿರಲಿಲ್ಲ. ಹೇಳಿಯಾಯಿತು.

ಆ ಬೆರಳುಗಳ ನಡುವೆ ಯಾರ ಕಿವಿಯನ್ನು ಬರೆಯಲಿ, ಅಧ್ಯಕ್ಷರೇ? ನಿಮ್ಮ ಮಗನದೇ? ನನ್ನ ಮಗನದನ್ನು ಬರೆದರೆ, ಅವನು ಮರಳಿ ಬಂದನೆಂಬ ಸುಳ್ಳಿಗೆ ನಾನೇ ಬಣ್ಣ ಕಟ್ಟಿದಂತೆ. ಬರೆಯುವುದಿಲ್ಲ. ಇಂದು ಬರೆಯುವುದಿಲ್ಲ, ಎಂದೂ ಬರೆಯುವುದಿಲ್ಲ.

ಗೋಡೆ ಸಮಿತಿಯದು, ಇಟ್ಟುಕೊಳ್ಳಲಿ. ನಾಳೆಯಿಂದ ಈ ಚಿತ್ರ ನನ್ನ ಅಂಗಡಿಯ ಮುಂದೆ ಬೀದಿಗೆ ಮುಖಮಾಡಿ ನಿಲ್ಲುತ್ತದೆ. ಸೈನ್ಯಕ್ಕೆ ಸೇರಲು ಹೊರಟವರೂ ಅವರನ್ನು ಕಳುಹಿಸಲು ಬಂದ ತಾಯಂದಿರೂ ಹಾಯುವ ಬೀದಿ ಅದೇ.

ಹಿಂದಿನ ಸಾಲಿನ ತಾಯಂದಿರೇ, ನಾಲ್ವರು ಎದ್ದು ಬನ್ನಿ. ಬಣ್ಣ ಇನ್ನೂ ಹಸಿ, ಚೌಕಟ್ಟನ್ನಷ್ಟೇ ಹಿಡಿಯಿರಿ. ನನಗೆ ಮಾತನಾಡಲು ಅವಕಾಶವಿತ್ತವರಿಗೆ ಕೃತಜ್ಞಳು; ಬಾಗಿಲ ಬಳಿ ಇರುವವರು ಎರಡೂ ಕದಗಳನ್ನು ತೆರೆದರೆ ಅವರಿಗೂ.

ನಮಸ್ಕಾರ.